ಕರದ ಹೆಸರಲ್ಲೊಂದು ಕರೆ

ಇವತ್ತು ಒಂದು ಪ್ರಶ್ನೆಯಿಂದ ಶುರು ಮಾಡ್ತೀನಿ. ಕಳ್ಳನೊಬ್ಬ ಬಂದು "ನಾನು ಕಳ್ಳ, ದುಡ್ಡು ಕೊಡು" ಅಂದರೆ ನೀವು ಕೊಡ್ತೀರಾ? ಕೊಡಲ್ಲ. ಕೂಗ್ತೀರಿ, ಅಕ್ಕಪಕ್ಕದವರನ್ನ ಸೇರಿಸ್ತೀರಿ. ಅದೇ ಕಳ್ಳ ಫೋನ್ ಮಾಡಿ "ನಾನು ಇನ್‌ಕಮ್ ಟ್ಯಾಕ್ಸ್ ಆಫೀಸಿಂದ ಮಾತಾಡ್ತಿದ್ದೀನಿ" ಅಂದರೆ? ಕೂಗಲ್ಲ. ದನಿ ತಗ್ಗಿಸ್ತೀರಿ. ಅಂಗಡಿಯಿಂದ ಎದ್ದು ಹಿಂದಿನ ಗೋಡೌನಿಗೆ ಹೋಗ್ತೀರಿ. ಮನೆಯವರಿಗೂ ಹೇಳಲ್ಲ. ಕೊನೆಗೆ ಅವನು ಕೇಳಿದಷ್ಟು ಹಾಕಿಬಿಡ್ತೀರಿ.

ಯಾಕೆ? ತಪ್ಪು ಮಾಡಿದವರು ಮಾತ್ರ ಹೆದರ್ತಾರಾ? ಇಲ್ಲ. ಒಂದು ರೂಪಾಯಿ ತೆರಿಗೆ ಬಾಕಿ ಇಲ್ಲದ ನಿವೃತ್ತ ಮೇಷ್ಟ್ರು ಹೆದರ್ತಾರೆ. ಡೈರಿಗೆ ಹಾಲು ಹಾಕಿ ಬದುಕೋ ಹೆಣ್ಣುಮಗಳೂ ಹೆದರ್ತಾಳೆ. ನಾನು ಓದಿದ್ದು ಇಂಜಿನಿಯರಿಂಗ್. ಇಂಥ ಕರೆಗಳ ಹಿಂದಿರೋ ತಂತ್ರಜ್ಞಾನ ವಿವರಿಸೋದು ನನಗೆ ಸುಲಭ, ಅದನ್ನೂ ಹೇಳ್ತೀನಿ. ಆದರೆ ಈ ವಂಚನೆಯಲ್ಲಿ ತಂತ್ರಜ್ಞಾನದ ಪಾಲು ಅರ್ಧಕ್ಕಿಂತ ಕಮ್ಮಿ. ಉಳಿದದ್ದೆಲ್ಲ ಭಯ. ಆ ಭಯಕ್ಕೆ ಒಂದು ಇತಿಹಾಸ ಇದೆ. ಅದನ್ನ ಹುಡುಕೋಕೆ ದೂರ ಹೋಗೋದು ಬೇಡ, ನಂದಿ ಬೆಟ್ಟದವರೆಗೆ ಹೋದರೆ ಸಾಕು.

ಶನಿವಾರ, ಭಾನುವಾರ ಬಂದರೆ ಸೂರ್ಯೋದಯ ನೋಡೋಕೆ ಬೆಂಗಳೂರಿನ ಜನ ನಂದಿ ಬೆಟ್ಟದ ದಾರೀಲಿ ಸಾಲುಗಟ್ಟಿ ನಿಂತಿರ್ತಾರೆ. ಮೇಲೆ ಒಂದು ಹಳೇ ಬಂಗಲೆ ಇದೆ. ಮಾರ್ಕ್ ಕಬ್ಬನ್ ಬೇಸಿಗೆಯಲ್ಲಿ ಬಂದು ಇರ್ತಿದ್ದ ಜಾಗ ಅದು. ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಹೆಸರು ಕೊಟ್ಟ ಅದೇ ಕಬ್ಬನ್. 1834ರಿಂದ 1861ರವರೆಗೆ ಮೈಸೂರು ಸೀಮೆಯನ್ನ ಆಳಿದ ಬ್ರಿಟಿಷ್ ಕಮಿಷನರ್.

ರಾಜರಿದ್ದ ಮೈಸೂರಿಗೆ ಕಮಿಷನರ್ ಬಂದಿದ್ದು ಯಾಕೆ? ಅದಕ್ಕೂ ತೆರಿಗೆಗೂ ನೇರ ಸಂಬಂಧ ಇದೆ. ಆಗ 'ಶರತ್ತು' ಅನ್ನೋ ಪದ್ಧತಿ ಇತ್ತು. ತಾಲ್ಲೂಕಿನ ಅಮಲ್ದಾರ "ಇಷ್ಟು ಕಂದಾಯ ಎತ್ತಿಕೊಡ್ತೀನಿ" ಅಂತ ಸರ್ಕಾರಕ್ಕೆ ಕರಾರು ಬರೆದುಕೊಡಬೇಕು. ಕಮ್ಮಿ ಬಿದ್ದರೆ ಅವನ ತಲೆಗೇ ಬರುತ್ತೆ. ಹಾಗಾದ ಮೇಲೆ ಅವನು ಏನು ಮಾಡ್ತಾನೆ? ರೈತನ ಕುತ್ತಿಗೆ ಹಿಡಿದ. ಮಳೆ ಬಂತಾ, ಬೆಳೆ ಆಯ್ತಾ, ಕೇಳೋರಿಲ್ಲ. 1830ರಲ್ಲಿ ನಗರದ ಕಡೆಯ ರೈತರು ದಂಗೆ ಎದ್ದರು. ಅದನ್ನೇ ನೆಪ ಮಾಡಿಕೊಂಡು 1831ರಲ್ಲಿ ಬ್ರಿಟಿಷರು ಮೈಸೂರಿನ ಆಡಳಿತ ಕಿತ್ತುಕೊಂಡರು.

ಕಬ್ಬನ್ ಕಾಲದಲ್ಲಿ ಹಳೇ ಲೆಕ್ಕದ ಪುಸ್ತಕ ತೆಗೆದು ನೋಡಿದಾಗ ಸಿಕ್ಕ ಪಟ್ಟಿ ನೀವು ಕೇಳಬೇಕು. ಮದುವೆ ಆದರೆ ತೆರಿಗೆ. ಮಗು ಹುಟ್ಟಿದರೆ ತೆರಿಗೆ. ಅದಕ್ಕೆ ಹೆಸರಿಟ್ಟರೆ ತೆರಿಗೆ. ಅದರ ತಲೆ ಬೋಳಿಸಿದರೂ ತೆರಿಗೆ! ಒಂದು ಊರಿನವರು ತಲೆಮಾರುಗಳಿಂದ ತೆರಿಗೆ ಕಟ್ತಾನೇ ಇದ್ದರು. ಕಾರಣ? ಯಾವುದೋ ಕಾಲದಲ್ಲಿ ಪಾಳೇಗಾರನ ಕುದುರೆ ಕಳೆದುಹೋಗಿತ್ತು, ಅದನ್ನ ಇವರ ಮುತ್ತಾತಂದಿರು ಹುಡುಕಿಕೊಡಲಿಲ್ಲ. ನಗರ ಸೀಮೆಯ ಒಂದು ಜಾಗದಲ್ಲಿ ಕೈಗಳನ್ನ ಮೈಗೆ ಒತ್ತಿಕೊಂಡು ನಡೀಬೇಕಿತ್ತು. ಕೈ ಬೀಸಿಕೊಂಡು ನಡೆದರೆ ತೆರಿಗೆ. ಇದು ತಮಾಷೆ ಅಲ್ಲ. ಸರ್ಕಾರದ ಆದಾಯ ಅಂತ ದಫ್ತರದಲ್ಲಿ ಬರೆದಿಟ್ಟಿದ್ದ ಬಾಬ್ತುಗಳು ಇವು. ಹೀಗೆ ಸುಮಾರು ಇಪ್ಪತ್ತು ವರ್ಷದಲ್ಲಿ ರದ್ದಾದ ಚಿಲ್ಲರೆ ತೆರಿಗೆಗಳ ಸಂಖ್ಯೆ 769 ಅಂತ ಮೈಸೂರು ಗೆಜೆಟಿಯರ್‌ನಲ್ಲಿ ಬಿ.ಎಲ್. ರೈಸ್ ದಾಖಲಿಸಿದ್ದಾರೆ.

ಈಗ ಯೋಚನೆ ಮಾಡಿ. 769 ತೆರಿಗೆ ಇರೋ ರಾಜ್ಯದಲ್ಲಿ ಒಬ್ಬ ರೈತನಿಗೆ ತಾನು ಯಾವುದು ಕಟ್ಟಬೇಕು, ಯಾವುದು ಬೇಡ ಅಂತ ಗೊತ್ತಿರೋಕೆ ಸಾಧ್ಯಾನಾ? ಇಲ್ಲ. ಹಾಗಾಗಿ ಬಂದವನು ಕೇಳಿದ್ದೇ ಕಾನೂನು. ಪೇಟ ಕಟ್ಟಿ, ಕೈಯಲ್ಲಿ ಕಾಗದ ಹಿಡಿದು ಬಂದವನು ನಿಜವಾಗಲೂ ಸರ್ಕಾರದವನಾ ಅಂತ ಕೇಳೋ ಧೈರ್ಯ ಯಾರಿಗಿತ್ತು? ಕೇಳದೇ ಕೊಡೋದನ್ನ ನಮ್ಮ ಜನ ಕಲಿತಿದ್ದು ಹೀಗೆ. ಇವತ್ತು ಫೋನ್ ಮಾಡೋನು ಹೊಸದಾಗಿ ಭಯ ಹುಟ್ಟಿಸ್ತಿಲ್ಲ. ಅಜ್ಜನ ಕಾಲದಿಂದ ಇರೋ ಭಯಕ್ಕೆ ರೀಚಾರ್ಜ್ ಮಾಡ್ತಿದ್ದಾನೆ, ಅಷ್ಟೇ.

ಇನ್ನೊಂದು ಸ್ವಾರಸ್ಯ ಇದೆ. ಭಾರತಕ್ಕೆ ಆದಾಯ ತೆರಿಗೆ ಬಂದಿದ್ದು 1860ರ ಜುಲೈ 24ರಂದು. 1857ರ ದಂಗೆ ಹತ್ತಿಕ್ಕೋಕೆ ಆದ ಖರ್ಚಿನಿಂದ ಬ್ರಿಟಿಷರ ಖಜಾನೆ ಬರಿದಾಗಿತ್ತು. ಜೇಮ್ಸ್ ವಿಲ್ಸನ್ ಅನ್ನೋ ಹಣಕಾಸು ಸದಸ್ಯ ಈ ತೆರಿಗೆ ತಂದ. ಅದೇ 1860ರ ಅಕ್ಟೋಬರ್‌ನಲ್ಲಿ ಭಾರತೀಯ ದಂಡ ಸಂಹಿತೆಗೂ ಅಂಕಿತ ಬಿತ್ತು. ಅದರ 170ನೇ ಕಲಂ ಏನು ಗೊತ್ತಾ? ಸರ್ಕಾರಿ ನೌಕರ ಅಂತ ಸುಳ್ಳು ಹೇಳಿಕೊಂಡು ಅಧಿಕಾರ ಚಲಾಯಿಸೋದು ಅಪರಾಧ. ಅಂದರೆ ಆದಾಯ ತೆರಿಗೆ ಹುಟ್ಟಿದ ವರ್ಷವೇ ನಕಲಿ ಅಧಿಕಾರಿಯನ್ನ ಶಿಕ್ಷಿಸೋ ಕಾನೂನೂ ಹುಟ್ಟಿತು. ಈಗ ಅದು ಭಾರತೀಯ ನ್ಯಾಯ ಸಂಹಿತೆಯ 204ನೇ ಕಲಂ. ಕನಿಷ್ಠ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು.

ಕಾನೂನು ಇತ್ತು, ನಕಲಿಗಳೂ ಇದ್ದರು. 1987ರ ಮಾರ್ಚ್‌ನಲ್ಲಿ ಮುಂಬೈಯಲ್ಲಿ ನಡೆದದ್ದನ್ನ ನೀವು ಹಿಂದಿ ಸಿನಿಮಾದಲ್ಲಿ ನೋಡಿರ್ತೀರಿ. ಒಬ್ಬ ಮನುಷ್ಯ ಪೇಪರ್‌ನಲ್ಲಿ ಕೆಲಸದ ಜಾಹೀರಾತು ಕೊಟ್ಟ. ದೊಡ್ಡ ಹೋಟೆಲ್‌ನಲ್ಲಿ ಸಂದರ್ಶನ ಮಾಡಿದ. ನಿರುದ್ಯೋಗಿ ಹುಡುಗರನ್ನ ಆರಿಸಿ, ಐಡಿ ಕಾರ್ಡ್ ಕೊಟ್ಟು, ಬಸ್ಸಿನಲ್ಲಿ ಕೂರಿಸಿಕೊಂಡು ಒಪೆರಾ ಹೌಸ್ ಪ್ರದೇಶದ ಹೆಸರಾಂತ ಒಡವೆ ಅಂಗಡಿಗೆ "ಸಿಬಿಐ ರೇಡ್" ಅಂತ ನುಗ್ಗಿಸಿದ. ಆ ಹುಡುಗರಿಗೂ ಅದು ಸುಳ್ಳು ಅಂತ ಗೊತ್ತಿರಲಿಲ್ಲ! ಒಡವೆ ತುಂಬಿದ ಪೆಟ್ಟಿಗೆ ಹಿಡಿದು ಹೊರಟವನು ಮತ್ತೆ ಸಿಗಲೇ ಇಲ್ಲ. ಆದರೂ ಅವನಿಗೆ ಒಂದು ಕಷ್ಟ ಇತ್ತು. ಮುಖ ತೋರಿಸಬೇಕಿತ್ತು. ಸೂಟು ಹಾಕಬೇಕಿತ್ತು, ಬಸ್ಸು ಬಾಡಿಗೆಗೆ ತರಬೇಕಿತ್ತು.

ಇಂಟರ್‌ನೆಟ್ ಕರೆ ಬಂದ ಮೇಲೆ ಆ ಖರ್ಚೂ ಉಳೀತು. 2016ರ ಅಕ್ಟೋಬರ್‌ನಲ್ಲಿ ಠಾಣೆ ಪೊಲೀಸರು ಮೀರಾ ರೋಡ್‌ನ ಕಾಲ್ ಸೆಂಟರ್‌ಗಳ ಮೇಲೆ ರಾತ್ರಿ ದಾಳಿ ಮಾಡಿದರು. ಒಳಗಿದ್ದವರು ಏಳುನೂರಕ್ಕೂ ಹೆಚ್ಚು ಯುವಕ ಯುವತಿಯರು. ಕೆಲಸ ಏನು? ಅಮೆರಿಕದವರಿಗೆ ಫೋನ್ ಮಾಡಿ, ಅಲ್ಲಿನ ಆದಾಯ ತೆರಿಗೆ ಇಲಾಖೆಯ ಅಧಿಕಾರಿ ಅಂತ ಹೇಳಿ, "ಬಾಕಿ ಕಟ್ಟದಿದ್ದರೆ ಅರ್ಧ ಗಂಟೆಯಲ್ಲಿ ಪೊಲೀಸ್ ಬರ್ತಾರೆ" ಅಂತ ಹೆದರಿಸೋದು. ಕೊನೆಗೆ ದುಡ್ಡು ತಗೊಳ್ತಿದ್ದಿದ್ದು ಹೇಗೆ ಗೊತ್ತಾ? ಗಿಫ್ಟ್ ಕಾರ್ಡ್ ಮೂಲಕ. ಯಾವ ದೇಶದ ಸರ್ಕಾರ ಗಿಫ್ಟ್ ಕಾರ್ಡ್‌ನಲ್ಲಿ ತೆರಿಗೆ ತಗೊಳ್ಳುತ್ತೆ? ಆದರೂ ಕೊಟ್ಟರು. ಅದೇ ತಿಂಗಳು ಅಮೆರಿಕದ ನ್ಯಾಯಾಂಗ ಇಲಾಖೆ 56 ಜನರ ಮೇಲೆ, ಐದು ಕಾಲ್ ಸೆಂಟರ್‌ಗಳ ಮೇಲೆ ಆರೋಪ ಹೊರಿಸಿತು. ಮೋಸ ಹೋದವರು 15 ಸಾವಿರಕ್ಕೂ ಹೆಚ್ಚು. 2018ರಲ್ಲಿ ಅಲ್ಲಿ 21 ಜನರಿಗೆ ಶಿಕ್ಷೆ ಆಯ್ತು, ಕೆಲವರಿಗೆ 20 ವರ್ಷದವರೆಗೆ.

ಈ ಕಥೆ ಯಾಕೆ ಹೇಳ್ತಿದ್ದೀನಿ ಅಂದರೆ, "ನಮ್ಮ ಹಳ್ಳಿ ಜನ ಓದಿಲ್ಲ, ಅದಕ್ಕೇ ಮೋಸ ಹೋಗ್ತಾರೆ" ಅಂತ ಪಟ್ಟಣದವರು ಮಾತಾಡೋದನ್ನ ನಿಲ್ಲಿಸಬೇಕು. ಓದಿದವರು, ಇಂಗ್ಲಿಷ್ ಮಾತೃಭಾಷೆ ಇರೋರು, ವಕೀಲರನ್ನ ಇಟ್ಟುಕೊಳ್ಳೋ ತಾಕತ್ತಿದ್ದೋರು ಕೂಡ ಅದೇ ಮಾತಿಗೆ ಬಿದ್ದಿದ್ದಾರೆ.

ಈಗ ನಮ್ಮ ನಾಲ್ಕು ಊರಿಗೆ ಬನ್ನಿ. ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆ ರಾಜ್ಯದ ದೊಡ್ಡ ಮಾರುಕಟ್ಟೆಗಳಲ್ಲೊಂದು. ಗೂಡು ಹರಾಜಾಗುತ್ತೆ, ದುಡ್ಡು ರೈತನ ಬ್ಯಾಂಕ್ ಖಾತೆಗೆ ಬರುತ್ತೆ. ಒಳ್ಳೇದೇ. ಆದರೆ ಖಾತೆಗೆ ಲಕ್ಷ ಬಿದ್ದ ವಾರ "ನಿಮ್ಮ ಖಾತೆಯಲ್ಲಿ ದೊಡ್ಡ ವ್ಯವಹಾರ ಆಗಿದೆ, ಟ್ಯಾಕ್ಸ್ ಕಟ್ಟಿಲ್ಲ" ಅಂತ ಯಾರಾದರೂ ಫೋನ್ ಮಾಡಿದರೆ ರೈತನ ಎದೆ ಝಲ್ ಅನ್ನುತ್ತೆ. "ನಮ್ಮದು ಬೇಸಾಯ, ಟ್ಯಾಕ್ಸ್ ಇಲ್ಲ" ಅಂತ ಅವನು ಹೇಳೋಕೆ ಹೋದರೆ ಅಲ್ಲೂ ಒಂದು ತೊಡಕು. ಹಿಪ್ಪುನೇರಳೆ ಬೆಳೆಯೋದು ಕೃಷಿ. ಆದರೆ ಹುಳು ಸಾಕಿ ಗೂಡು ಮಾರಿದ ಆದಾಯ ಕೃಷಿ ಆದಾಯ ಅಲ್ಲ ಅಂತ 1999ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಇದನ್ನ ರೈತನನ್ನ ಕೂರಿಸಿಕೊಂಡು ಬಿಡಿಸಿ ಹೇಳಿದವರು ಎಷ್ಟು ಜನ? ಈ ಗೊಂದಲವೇ ಕಳ್ಳನ ಬಂಡವಾಳ. ಅನುಮಾನ ಇದ್ದರೆ ಊರಿನ ಆಡಿಟರ್ ಹತ್ತಿರ ಕೇಳಿ. ಫೋನ್ ಮಾಡಿದವನ ಹತ್ತಿರ ಅಲ್ಲ.

ಚಿಂತಾಮಣಿಯ ಟೊಮೆಟೊ ಮಂಡಿ, ದಿನಸಿ ವ್ಯಾಪಾರ, ಚಿಕ್ಕಬಳ್ಳಾಪುರದ ಹೂವು, ದ್ರಾಕ್ಷಿ, ಗೌರಿಬಿದನೂರಿನ ಕಾರ್ಖಾನೆ ಕಾರ್ಮಿಕರು, ಸಣ್ಣ ಅಂಗಡಿಗಳು. ಎಲ್ಲರ ಕೈಯಲ್ಲೂ ಈಗ ಕ್ಯೂಆರ್ ಕೋಡ್. 2025ರ ಜುಲೈ ನೆನಪಿದೆಯಾ? ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ತೆಗೆದು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಿತು. ಸರಕಿನ ವಹಿವಾಟು ವರ್ಷಕ್ಕೆ 40 ಲಕ್ಷ, ಸೇವೆಯಾದರೆ 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು ಅನ್ನೋದು ಕಾನೂನು. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ 29 ಲಕ್ಷ ಕಟ್ಟಿ ಅಂತ ನೋಟಿಸ್ ಬಂತು. ತಾಜಾ ತರಕಾರಿಗೆ ಜಿಎಸ್‌ಟಿಯೇ ಇಲ್ಲ! ಅಂಗಡಿಗಳಲ್ಲಿ "ಯುಪಿಐ ಇಲ್ಲ, ಕ್ಯಾಶ್ ಮಾತ್ರ" ಅಂತ ಬೋರ್ಡ್ ಬಿದ್ದವು. ಕೊನೆಗೆ ಮುಖ್ಯಮಂತ್ರಿಗಳೇ ವ್ಯಾಪಾರಿಗಳ ಸಭೆ ಕರೆದು, ನೋಂದಣಿ ಮಾಡಿಸಿಕೊಳ್ಳಿ, ಹಳೇ ಬಾಕಿ ವಸೂಲಿ ಮಾಡಲ್ಲ ಅಂತ ಹೇಳಬೇಕಾಯ್ತು.

ಇಲಾಖೆ ತನ್ನ ಕೆಲಸ ಮಾಡಿತು ಅಂತಲೇ ಇಟ್ಟುಕೊಳ್ಳೋಣ. ಆದರೆ ಅದರಿಂದ ಆದದ್ದೇನು? ಟೀ ಅಂಗಡಿಯವನಿಗೂ ಲಕ್ಷಗಟ್ಟಲೆ ನೋಟಿಸ್ ಬರಬಹುದು ಅನ್ನೋದು ಊರೂರಿಗೆ ಗೊತ್ತಾಯ್ತು. ಅಸಲಿ ನೋಟಿಸ್ ಹುಟ್ಟಿಸಿದ ಆ ಹೆದರಿಕೆಯಲ್ಲಿ ನಕಲಿ ಫೋನ್‌ಗೆ ಕೆಲಸ ಸಲೀಸು.

ಈಗ ತಂತ್ರಜ್ಞಾನಕ್ಕೆ ಬರ್ತೀನಿ. ಜನ ಹೇಳೋ ಮೊದಲ ಮಾತು: "ಸಾರ್, ಅವನಿಗೆ ನನ್ನ ಪ್ಯಾನ್ ನಂಬರ್ ಗೊತ್ತಿತ್ತು. ಅಧಿಕಾರಿ ಅಲ್ಲದಿದ್ದರೆ ಹೇಗೆ ಗೊತ್ತಾಗುತ್ತೆ?" ನಿಮ್ಮ ಅಂಗಡಿ ಬೋರ್ಡ್ ನೋಡಿ. ನೋಂದಣಿ ಆದ ಪ್ರತಿ ಅಂಗಡಿ ಜಿಎಸ್‌ಟಿ ನಂಬರನ್ನ ಬೋರ್ಡ್ ಮೇಲೆ ಹಾಕಲೇಬೇಕು. ಅದರಲ್ಲಿ 15 ಅಕ್ಷರ, ಅಂಕಿ ಇರುತ್ತೆ. ಮೊದಲ ಎರಡು ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ಅದಾದ ಮೇಲಿನ ಹತ್ತು? ಅದೇ ನಿಮ್ಮ ಪ್ಯಾನ್! ಬೋರ್ಡ್ ಮೇಲೆ, ಬಿಲ್ ಮೇಲೆ ನೀವೇ ಬರೆಸಿದ್ದೀರಿ. ಆ ನಂಬರನ್ನ ಜಿಎಸ್‌ಟಿ ವೆಬ್‌ಸೈಟ್‌ನಲ್ಲಿ ಹಾಕಿದರೆ ಹೆಸರು, ವಿಳಾಸ ಯಾರಿಗೆ ಬೇಕಾದರೂ ಸಿಗುತ್ತೆ. ಅಂಗಡಿ ಇಲ್ಲದವರ ಪ್ಯಾನ್, ಆಧಾರ್ ಜೆರಾಕ್ಸ್ ಎಷ್ಟು ಕಡೆ ಕೊಟ್ಟಿದ್ದೀರಿ ಅಂತ ನೀವೇ ಲೆಕ್ಕ ಹಾಕಿ. ನಿಮ್ಮ ನಂಬರ್ ಗೊತ್ತಿರೋದು ಅಧಿಕಾರದ ಗುರುತಲ್ಲ.

ಎರಡನೇ ಮಾತು: "ದೆಹಲಿ ನಂಬರಿಂದಲೇ ಬಂತು." ಪರದೆ ಮೇಲೆ ಕಾಣೋ ನಂಬರ್ ಅಂದರೆ ಲಕೋಟೆ ಮೇಲೆ ಬರೆದ 'ಇಂದ' ವಿಳಾಸ ಇದ್ದ ಹಾಗೆ. ಯಾರು ಏನು ಬೇಕಾದರೂ ಬರೀಬಹುದು. ವಿದೇಶದಲ್ಲಿ ಕೂತು ಇಂಟರ್‌ನೆಟ್ ಮೂಲಕ ಕರೆ ಮಾಡಿ ಭಾರತದ ನಂಬರ್ ಕಾಣೋ ಹಾಗೆ ಮಾಡ್ತಾರೆ. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ದೂರಸಂಪರ್ಕ ಇಲಾಖೆ ಇಂಥ ಕರೆ ತಡೆಯೋ ವ್ಯವಸ್ಥೆ ಶುರು ಮಾಡಿದಾಗ ಮೊದಲ 24 ಗಂಟೆಯಲ್ಲೇ ಸುಮಾರು 1.35 ಕೋಟಿ ಕರೆ ಸಿಕ್ಕಿಬಿದ್ದವು. ಒಂದೇ ದಿನ!

ಇನ್ನು ಭಾಷೆ. ಈ ಭಾಗದ ಎಷ್ಟೋ ಮನೆಗಳಲ್ಲಿ ಒಳಗೆ ತೆಲುಗು, ಹೊರಗೆ ಕನ್ನಡ. ಕರೆ ಬರೋದು ಹಿಂದಿಯಲ್ಲಿ, ಇಲ್ಲಾಂದರೆ ಗಡಿಬಿಡಿ ಇಂಗ್ಲಿಷ್‌ನಲ್ಲಿ. ಅರ್ಥ ಆಗದ ಮಾತನ್ನ ಗಟ್ಟಿಯಾಗಿ ಹೇಳಿದರೆ ಅದೇ ಅಧಿಕಾರದ ದನಿ ಅನ್ನಿಸಿಬಿಡುತ್ತೆ. ಅರ್ಥ ಆಗದಿದ್ದರೆ "ಕನ್ನಡದಲ್ಲಿ ಹೇಳಿ, ಇಲ್ಲ ಅಂದರೆ ಬರೆದು ಕಳಿಸಿ" ಅನ್ನಿ. ಅರ್ಧ ಜನ ಅಲ್ಲೇ ಫೋನ್ ಇಡ್ತಾರೆ.

ಹಾಗಾದರೆ ಅಸಲಿ ಇಲಾಖೆ ಹೇಗೆ ಕೆಲಸ ಮಾಡುತ್ತೆ? ನಾಲ್ಕು ವಿಷಯ ನೆನಪಿಡಿ. ಒಂದು, 2019ರ ಅಕ್ಟೋಬರ್ 1ರಿಂದ ಆದಾಯ ತೆರಿಗೆ ಇಲಾಖೆಯ ನೋಟಿಸ್, ಆದೇಶಗಳ ಮೇಲೆ ದಾಖಲೆ ಗುರುತಿನ ಸಂಖ್ಯೆ, ಅಂದರೆ ಡಿಐಎನ್ ಇರುತ್ತೆ. ಇಲಾಖೆಯ ವೆಬ್‌ಸೈಟ್‌ನಲ್ಲಿ ಲಾಗಿನ್ ಇಲ್ಲದೆಯೇ ಆ ನೋಟಿಸ್ ಅಸಲಿಯಾ ಅಂತ ಪರೀಕ್ಷೆ ಮಾಡಬಹುದು. ಎರಡು, ತೆರಿಗೆ ಲೆಕ್ಕದ ತನಿಖೆ ಈಗ ಬಹುತೇಕ ಮುಖಾಮುಖಿ ಇಲ್ಲದೇ ಪೋರ್ಟಲ್ ಮೂಲಕವೇ ನಡೆಯುತ್ತೆ. ರೇಡ್ ಅಂದರೆ ಅಧಿಕಾರಿಗಳು ವಾರಂಟ್ ಹಿಡಿದು ಬಾಗಿಲಿಗೆ ಬರ್ತಾರೆ. ವಿಡಿಯೋ ಕಾಲ್‌ನಲ್ಲಿ ರೇಡ್ ನಡೆಯಲ್ಲ. ಮೂರು, ತೆರಿಗೆ ಹೋಗೋದು ಚಲನ್ ಮೂಲಕ ಸರ್ಕಾರದ ಖಜಾನೆಗೆ. ಯಾರದೋ ಹೆಸರಿನ ಖಾತೆಗೆ, ಯುಪಿಐ ಐಡಿಗೆ ಕಟ್ಟಿ ಅಂದರೆ ಅದು ತೆರಿಗೆ ಅಲ್ಲ. ನಾಲ್ಕು, ಪಿನ್, ಒಟಿಪಿ, ಪಾಸ್‌ವರ್ಡ್ ಇಲಾಖೆ ಕೇಳಲ್ಲ. ಯಾವತ್ತೂ ಕೇಳಲ್ಲ.

ಹೆದರಿಸೋದು ಒಂದು ದಾರಿಯಾದರೆ ಆಸೆ ತೋರಿಸೋದು ಇನ್ನೊಂದು. 2023ರಲ್ಲಿ "ನಿಮಗೆ 15,490 ರೂಪಾಯಿ ರಿಫಂಡ್ ಮಂಜೂರಾಗಿದೆ, ಖಾತೆ ವಿವರ ಸರಿ ಮಾಡಿ" ಅನ್ನೋ ಮೆಸೇಜ್ ದೇಶದ ತುಂಬ ಓಡಾಡಿತು. ಅದು ಸುಳ್ಳು ಅಂತ ಕೇಂದ್ರದ ಪತ್ರಿಕಾ ಮಾಹಿತಿ ಕಚೇರಿಯೇ ಹೇಳಬೇಕಾಯ್ತು. ಆ ಮೊತ್ತ ನೋಡಿ ಎಷ್ಟು ಚಂದ ಇದೆ. 15 ಸಾವಿರ ಅಂದಿದ್ದರೆ ಅನುಮಾನ ಬರುತ್ತಿತ್ತು. 15,490 ಅಂದಾಗ ಯಾರೋ ಕೂತು ಲೆಕ್ಕ ಹಾಕಿದ ಹಾಗಿರುತ್ತೆ! ನಿಜವಾದ ರಿಫಂಡ್ ನೀವು ಪೋರ್ಟಲ್‌ನಲ್ಲಿ ಮೊದಲೇ ಖಾತ್ರಿ ಮಾಡಿಸಿದ ಖಾತೆಗೆ ತಾನಾಗೇ ಬರುತ್ತೆ. ಲಿಂಕ್ ಒತ್ತಬೇಕಿಲ್ಲ.

ಹೆದರಿಸೋ ಆಟ ಬೆಳೆದು ಬೆಳೆದು ಈಗ 'ಡಿಜಿಟಲ್ ಅರೆಸ್ಟ್' ಆಗಿದೆ. ಖಾಕಿ ಹಾಕಿಕೊಂಡವನು ವಿಡಿಯೋದಲ್ಲಿ ಬಂದು "ಕ್ಯಾಮೆರಾ ಮುಂದಿಂದ ಏಳಬೇಡ, ಯಾರಿಗೂ ಹೇಳಬೇಡ" ಅಂತಾನೆ. 2024ರ ಅಕ್ಟೋಬರ್ 27ರಂದು ಪ್ರಧಾನಿಗಳು ಮನ್ ಕಿ ಬಾತ್‌ನಲ್ಲಿ ಇಂಥ ಕರೆಯೊಂದನ್ನ ಕೇಳಿಸಿದರಲ್ಲ, ಆ ಕರೆ ಬಂದಿದ್ದು ನಮ್ಮ ವಿಜಯಪುರದವರಿಗೆ. ಡಿಜಿಟಲ್ ಅರೆಸ್ಟ್ ಅನ್ನೋದು ಈ ದೇಶದ ಯಾವ ಕಾನೂನಿನಲ್ಲೂ ಇಲ್ಲ. ಸೈಬರ್ ವಂಚನೆಯಲ್ಲಿ ದೇಶದ ಜನ ಕಳಕೊಂಡದ್ದು 2023ರಲ್ಲಿ 7,465 ಕೋಟಿ, 2024ರಲ್ಲಿ 22,845 ಕೋಟಿ. ಸಂಸತ್ತಿಗೆ ಸರ್ಕಾರ ಕೊಟ್ಟ ಲೆಕ್ಕ. ಒಂದೇ ವರ್ಷದಲ್ಲಿ ಮೂರು ಪಟ್ಟು.

ಖಾಕಿ ಅಂದೆ. ಗೌರಿಬಿದನೂರಿನವರೇ, ನಿಮ್ಮ ತಾಲ್ಲೂಕಿನ ವಿದುರಾಶ್ವತ್ಥ ನೆನಪು ಮಾಡಿಕೊಳ್ಳಿ. 1938ರ ಏಪ್ರಿಲ್ 25. ಧ್ವಜ ಸತ್ಯಾಗ್ರಹಕ್ಕೆ ಸೇರಿದ ಜನರ ಮೇಲೆ ಮೈಸೂರು ಸಂಸ್ಥಾನದ ಪೊಲೀಸರು ಗುಂಡು ಹಾರಿಸಿದರು. ಸತ್ತವರು 32 ಮಂದಿ ಅಂತ ಜನ ಹೇಳ್ತಾರೆ, ಸರ್ಕಾರದ ಲೆಕ್ಕ ಅದಕ್ಕಿಂತ ತೀರಾ ಕಮ್ಮಿ. ಆಮೇಲೆ ಸರ್ದಾರ್ ಪಟೇಲರು ಬಂದರು, ದಿವಾನ್ ಮಿರ್ಜಾ ಇಸ್ಮಾಯಿಲ್ ಜೊತೆ ಒಪ್ಪಂದ ಆಯ್ತು, ಕಾಂಗ್ರೆಸ್ ಬಾವುಟ ಹಾರಿಸೋ ಹಕ್ಕು ಸಿಕ್ಕಿತು. ನಿಜವಾದ ಬಂದೂಕು ಹಿಡಿದ ನಿಜವಾದ ಪೊಲೀಸರ ಮುಂದೆ ನಿಂತ ಊರಿದು. ಆ ಊರಿನ ಮೊಮ್ಮಕ್ಕಳು ಬಾಡಿಗೆ ಯೂನಿಫಾರ್ಮ್ ಹಾಕಿಕೊಂಡವನಿಗೆ ಮೊಬೈಲ್ ಪರದೆ ಮುಂದೆ ಕೈ ಮುಗೀಬೇಕಾ?

ಅದೇ ತಾಲ್ಲೂಕಿನ ಹೊಸೂರಿನವರು ಡಾ. ಎಚ್. ನರಸಿಂಹಯ್ಯ. ಬಡತನದಲ್ಲಿ ಓದಿ, ಸ್ವಾತಂತ್ರ್ಯ ಹೋರಾಟದಲ್ಲಿ ಜೈಲು ಕಂಡು, ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿ ಆದವರು. 1976ರಲ್ಲಿ ಪವಾಡಗಳನ್ನ ಪರೀಕ್ಷೆ ಮಾಡೋಕೆ ಸಮಿತಿ ಮಾಡಿದವರು. ಹೇಳಿದವನು ಎಷ್ಟು ದೊಡ್ಡವನು ಅಂತ ನೋಡಬೇಡ, ಹೇಳಿದ್ದಕ್ಕೆ ಪುರಾವೆ ಏನು ಅಂತ ಕೇಳು ಅನ್ನೋದು ಅವರ ಬದುಕಿನ ಪಾಠ. ಇವತ್ತು ಆ ಪಾಠ ಫೋನ್ ಕರೆಗೂ ಬೇಕು. "ಯಾವ ಕಚೇರಿ? ಡಿಐಎನ್ ಏನು? ನೋಟಿಸ್ ಎಲ್ಲಿ?" ಈ ಮೂರು ಪ್ರಶ್ನೆ ಕೇಳೋದು ಉದ್ಧಟತನ ಅಲ್ಲ. ನಾಗರಿಕರ ಹಕ್ಕು.

ಸರ್ಕಾರಕ್ಕೂ ಒಂದು ಮಾತು. ಪ್ರತಿ ನೋಟಿಸ್ ಮೊದಲು ಕನ್ನಡದಲ್ಲಿ ಬರಲಿ. ಯಾಕೆ ಬಂತು, ಎಲ್ಲಿ ಉತ್ತರ ಕೊಡಬೇಕು, ಎಷ್ಟು ದಿನ ಇದೆ ಅಂತ ಮೇಲೇ ಬರೀರಿ. ಶಿಡ್ಲಘಟ್ಟದ ಗೂಡಿನ ಮಾರುಕಟ್ಟೆಯಲ್ಲಿ, ಚಿಂತಾಮಣಿಯ ಮಂಡಿಯಲ್ಲಿ ತಿಂಗಳಿಗೊಂದು ದಿನ ಕೂತು ತೆರಿಗೆ ಬಗ್ಗೆ ವಿವರಿಸಿ. 769 ತೆರಿಗೆ ಇದ್ದ ಕಾಲದ ಗೊಂದಲ ಈಗಲೂ ಉಳಿದರೆ ಅದರ ಲಾಭ ಖಜಾನೆಗೆ ಹೋಗಲ್ಲ, ಕಳ್ಳನಿಗೆ ಹೋಗುತ್ತೆ.

ಕೊನೆಯದಾಗಿ, ದುಡ್ಡು ಹೋಗೇಬಿಟ್ಟಿದ್ದರೆ? ನಾಚಿಕೆಪಟ್ಟು ಕೂರಬೇಡಿ. ನಿಮ್ಮ ದುಡ್ಡು ಒಂದು ಖಾತೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೆ ನಾಲ್ಕಕ್ಕೆ ಹಾರುತ್ತಿರುತ್ತೆ. ತಕ್ಷಣ 1930ಕ್ಕೆ ಕರೆ ಮಾಡಿದರೆ, ಅದು ಎಟಿಎಂನಿಂದ ಹೊರಗೆ ಬರೋ ಮೊದಲು ದಾರೀಲೇ ತಡೆಯೋ ಅವಕಾಶ ಇರುತ್ತೆ. ನಾಳೆ ಅಂದರೆ ತಡವಾಯ್ತು. ಆಮೇಲೆ ಜಿಲ್ಲೆಯ ಸಿಇಎನ್ ಪೊಲೀಸ್ ಠಾಣೆಗೆ ಹೋಗಿ ದೂರು ಕೊಡಿ.

ಮನೆಯಲ್ಲಿರೋ ಮಕ್ಕಳಿಗೂ ಒಂದು ಕೋರಿಕೆ. ಅಪ್ಪನೋ ಅಜ್ಜಿಯೋ ಮೋಸ ಹೋದೆ ಅಂತ ಬಾಯಿ ಬಿಟ್ಟಾಗ "ಬುದ್ಧಿ ಇಲ್ವಾ ನಿಂಗೆ" ಅಂತ ಬೈಬೇಡಿ. ಬೈಗುಳಕ್ಕೆ ಹೆದರಿಯೇ ಎಷ್ಟೋ ಹಿರಿಯರು ಎರಡು ದಿನ ಸುಮ್ಮನಿದ್ದು ಬಿಡ್ತಾರೆ, ಆ ಎರಡು ದಿನದಲ್ಲಿ ದುಡ್ಡು ಕೈತಪ್ಪುತ್ತೆ. "ಯಾರಿಗೂ ಹೇಳಬೇಡ" ಅನ್ನೋದು ಕಳ್ಳನ ಮಾತು. ಮನೆಯಲ್ಲಿ ಎಲ್ಲರಿಗೂ ಹೇಳೋದೇ ಅದಕ್ಕೆ ಉತ್ತರ.